ಪಾಸಾದ ಪುಡಿ

ಭಂಡಾರಕವಠೆಯ ಕುರಿಗಾರರ ಮನೆಯಲ್ಲಿ ಹುಟ್ಟಿದ ಹಣಮಂತಪ್ಪ ನಡೆಯಲು ಕಲಿತದ್ದೇ ಹಿಂಡಿನ ಹಿಂದೆ. ಭೀಮಾ ನದಿಯ ದಂಡೆಯಿಂದ ಅಕ್ಕಲಕೋಟೆಯ ಎರೆಹೊಲಗಳವರೆಗೆ ದೊಡ್ಡಪ್ಪನ ಕುರಿಗಳ ಜೊತೆ ತಿರುಗಿದ ಕಾಲುಗಳು ಅವು. ಆಮೇಲೆ ಶಾಲೆ, ಕೃಷಿ ಡಿಪ್ಲೊಮಾ, ಸರಕಾರಿ ನೌಕರಿ ಎಲ್ಲ ಬಂದವು. ಕಾಲು ಮಾತ್ರ ಸುಮ್ಮನಿರಲು ಕಲಿಯಲಿಲ್ಲ. ಸೋಲಾಪುರದ ಕಚೇರಿಯಲ್ಲಿ ಗೊಬ್ಬರ ತಪಾಸಣೆಯ ಕೆಲಸ ಸಿಕ್ಕಿದ್ದು ಅವನ ಪಾಲಿಗೆ ಒಳ್ಳೆಯದೇ ಆಯಿತು. ಊರೂರು ಅಲೆದು, ಅಂಗಡಿಗಳ ಚೀಲದಿಂದ ನಮೂನೆ ತೆಗೆದು, ಮೊಹರು ಹಚ್ಚಿ ಪುಣೆಯ ಪ್ರಯೋಗಾಲಯಕ್ಕೆ ಕಳಿಸಬೇಕು. ಅಲ್ಲಿಂದ ಪಾಸೋ ಫೇಲೋ ಎಂದು ಬರುತ್ತಿತ್ತು. ವಿಜಾಪುರ ರಸ್ತೆಯ ಬಾಡಿಗೆ ಮನೆಯಲ್ಲಿ ಹೆಂಡತಿ ರೇವಮ್ಮ ಊಟಕ್ಕೆ ಬಡಿಸಿದರೆ ಒಂದು ರೊಟ್ಟಿ ಮುಗಿಯುವುದರೊಳಗೆ ಎದ್ದು ಬಾಗಿಲಿಗೆ ಹೋಗಿ ಬರುತ್ತಿದ್ದ.

“ರೊಟ್ಟಿ ಎಲ್ಲೀ ಓಡಿ ಹೋಗೂದಿಲ್ಲ, ಕುಂಡ್ರರಿ,” ಎನ್ನುತ್ತಿದ್ದಳು ಅವಳು.

ಎಪ್ಪತ್ತೈದನೇ ಇಸವಿಯ ಬೇಸಿಗೆ. ಬಿಳಿಜೋಳದ ಸುಗ್ಗಿ ಮುಗಿದು ಹೊಲಗಳಲ್ಲಿ ಕೂಳೆ ಮಾತ್ರ ಉಳಿದಿತ್ತು. ಒಂದು ಮುಂಜಾನೆ ಹಣಮಂತಪ್ಪ ಕಚೇರಿಗೆ ಹೊರಡುವಾಗ ದೊಡ್ಡಪ್ಪನ ಮಗ ಬೀರಣ್ಣ ಬಾಗಿಲಲ್ಲಿ ನಿಂತಿದ್ದ. ದೊಡ್ಡಪ್ಪ ತೀರಿದ ಮೇಲೆ ಹಿಂಡೆಲ್ಲ ಬೀರಣ್ಣನದೇ. ಅದನ್ನು ಬಿಟ್ಟು ಪೇಟೆಗೆ ಬರುವ ಮನುಷ್ಯ ಅವನಲ್ಲ. ಹೆಗಲ ಮೇಲೆ ಕಂಬಳಿ ಇತ್ತು, ಕಾಲಲ್ಲಿ ಮೆಟ್ಟು ಇರಲಿಲ್ಲ.

“ಹಣಮಾ, ಕುರಿ ಸಾಯಾಕತ್ತ್ಯಾವ,” ಎಂದ. “ನಿಂತಲ್ಲೇ ಸುತ್ತತಾವ. ಗಿಡಕ್ಕ, ಬದುವಿಗಿ ತಲಿ ಒತ್ತಿ ನಿಲ್ಲತಾವ. ಕಣ್ಣ ತೆರದಾವ, ಖರೇ ಏನೂ ಕಾಣೂದಿಲ್ಲ.”

“ಎಲ್ಲಿ ಅದಾವ ಈಗ?”

“ನಾಗಣಸೂರದಾಗ, ಅಣ್ಣಾರಾಯನ ಹೊಲದಾಗ ತರುಬೀನಿ.”

ಸುಗ್ಗಿ ಮುಗಿದ ಹೊಲದಲ್ಲಿ ಹಿಂಡನ್ನು ಕೂಡಿ ಹಾಕುವುದಕ್ಕೆ ತರುಬುವುದು ಎನ್ನುತ್ತಾರೆ. ಕುರಿಯ ಹಿಕ್ಕೆ, ಉಚ್ಚೆ ಬಿದ್ದ ನೆಲಕ್ಕೆ ಮರುವರ್ಷ ಬೇರೆ ಕಸುವು. ನಾಗಣಸೂರದ ಅಣ್ಣಾರಾಯನಿಗೂ ಬೀರಣ್ಣನ ಮನೆಗೂ ಈ ನಂಟು ಅಪ್ಪಂದಿರ ಕಾಲದಿಂದ ಬಂದದ್ದು. ಹಣಮಂತಪ್ಪ ಕಚೇರಿಗೆ ಹೋಗಲಿಲ್ಲ. ಅಣ್ಣತಮ್ಮಂದಿರು ಅಕ್ಕಲಕೋಟೆಯ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಹಣಮಂತಪ್ಪ ಸೀಟು ಬಿಟ್ಟುಕೊಟ್ಟು ಬಾಗಿಲ ಬಳಿ ಕಂಬಿ ಹಿಡಿದು ನಿಂತಿದ್ದ.

ಹೊಲದಲ್ಲಿ ಕಂಡದ್ದನ್ನು ಅವನು ಮುಂದೆ ಯಾರಿಗೂ ಸರಿಯಾಗಿ ಹೇಳಲಾರದೆ ಹೋದ. ಸತ್ತವನ್ನು ಬೀರಣ್ಣ ಬೇವಿನ ಗಿಡದ ಬುಡಕ್ಕೆ ಎಳೆದು ಹಾಕಿದ್ದ. ಬದುಕಿದ್ದವುಗಳಲ್ಲಿ ಕೆಲವು ಹಲ್ಲು ಕಡಿಯುತ್ತಿದ್ದವು. ಕಟಕಟ ಸದ್ದು ದೂರದಿಂದಲೇ ಕೇಳುತ್ತಿತ್ತು. ಹಿಂಡಿನ ಮುಂದೆ ನಡೆಯುತ್ತಿದ್ದ ದೊಡ್ಡ ಟಗರು ಬಂಡಿಯ ಗಾಲಿಗೆ ಹಣೆ ಒತ್ತಿ, ಅದನ್ನು ದಾಟಿ ಹೋಗಬೇಕೆನ್ನುವಂತೆ ಕಾಲು ಊರುತ್ತಿತ್ತು. ಬೀರಣ್ಣ ಅದರ ಕೊಂಬು ಹಿಡಿದು ತಿರುಗಿಸಿದ. ಅದು ಎರಡು ಹೆಜ್ಜೆ ನಡೆದು ಕಲ್ಲಿಗೆ ಎಡವಿ ಬಿತ್ತು.

“ಏನ್ ತಿಂದಾವ ಅಣ್ಣಾ?”

“ಕೂಳಿ ತಿಂದಾವ, ಮತ್ತೇನ್ ತಿಂತಾವ?” ಎಂದ ಬೀರಣ್ಣ. ಆಮೇಲೆ ಕೋಲಿನಿಂದ ಹೊಲದ ಪಡುವಣ ಬದುವನ್ನು ತೋರಿಸಿದ. “ಅಲ್ಲಿ ಚೀಲ ಹರದು ಪುಡಿ ಚೆಲ್ಲೇತಿ. ಉಪ್ಪ ನೆಕ್ಕಿದಂಗ ನೆಕ್ಕೂದು ನೋಡೀನಿ. ಓಡಿಸಿದ್ರ ಮತ್ತ ಅಲ್ಲೇ ಹೋಗತಾವ.”

ಬದುವಿನ ಮೇಲೆ ಬೂದುಬಣ್ಣದ ಪುಡಿ ನೆಲಕ್ಕೆ ಹತ್ತಿಕೊಂಡಿತ್ತು. ಹೊಲದ ಮಾಲೀಕ ಅಣ್ಣಾರಾಯ ಪಂಚೆಯ ಚುಂಗಿನಿಂದ ಬೆವರು ಒರೆಸಿಕೊಳ್ಳುತ್ತ ಬಂದ. ಹೋದ ಸಲ ಜೋಳದ ಎಲೆಗಳಲ್ಲಿ ಬಿಳಿ ಗೆರೆ ಬಿದ್ದು ಪೈರು ಕುಳ್ಳಾಗಿತ್ತಂತೆ. ಭೂಮಿಗೆ ಜಸ್ತ, ಅಂದರೆ ಸತುವು, ಕಡಿಮೆಯಾಗಿದೆ ಎಂದು ಅಕ್ಕಲಕೋಟೆಯ ಮಲಕಾಜಪ್ಪ ಸಾವುಕಾರರ ಅಂಗಡಿಯಲ್ಲಿ ಈ ಪುಡಿ ಕೊಟ್ಟರಂತೆ.

“ಹಾಕಿದ ಮ್ಯಾಲ ಬೆಳಿ ಹೆಂಗ ಹಸರಾತು ಅಂತೀ! ಪುಡಿ ಛಲೋನೇ ಐತಿ. ಸರಕಾರದ್ದೂ ಪಾಸ್ ಐತಿ,” ಎಂದ ಅಣ್ಣಾರಾಯ.

ಹಣಮಂತಪ್ಪ ಹರಿದ ಚೀಲವನ್ನು ಮಗುಚಿದ. ಅದರ ಮೇಲಿನ ಹಸಿರು ಚಿತ್ರ ಅವನಿಗೆ ಗುರುತು ಸಿಕ್ಕಿತು. ಹೋದ ಮಳೆಗಾಲದಲ್ಲಿ ಮಲಕಾಜಪ್ಪನ ಅಂಗಡಿಯಲ್ಲಿ ಇದೇ ಸರಕಿನ ನಮೂನೆ ತೆಗೆದವನು ಅವನೇ. ಪಾಸೆಂದು ಬಂದ ಕಾಗದವನ್ನು ತಾನೇ ಒಯ್ದು ಕೊಟ್ಟಿದ್ದ; ಸಾವುಕಾರ ಅದಕ್ಕೆ ಕಟ್ಟು ಹಾಕಿಸಿ ಗಲ್ಲೆಯ ಮೇಲೆ ತೂಗುಹಾಕಿದ್ದ.

ಬೀರಣ್ಣ ಅವನ ಮುಖವನ್ನೇ ನೋಡುತ್ತಿದ್ದ. “ಇದಕ್ಕ ಪಾಸ್ ಕೊಟ್ಟಾಂವ ಯಾರಪಾ?”

“ನಾನೇ ಅಣ್ಣಾ.”

ಬೀರಣ್ಣ ಹೋಗಿ ಬಿದ್ದ ಟಗರಿನ ತಲೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಬೈದಿದ್ದರೆ ಹಣಮಂತಪ್ಪ ತಡೆದುಕೊಳ್ಳುತ್ತಿದ್ದನೇನೋ.

ಅಕ್ಕಲಕೋಟೆಯಿಂದ ದನದ ಡಾಕ್ಟರು ತುಕಾರಾಮ ಬಂದರು. ಮರಾಠಿ ಮನುಷ್ಯ, ಕುರಿಗಾರರ ಜೊತೆ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಮಾತಾಡುತ್ತಿದ್ದರು. ಸತ್ತ ಕುರಿಯನ್ನು ಕೊಯ್ದು ಯಕೃತ್ತು, ಮೂತ್ರಪಿಂಡಗಳ ತುಂಡುಗಳನ್ನು ಬಾಟಲಿಗೆ ಹಾಕಿದರು. ಬದುವಿನ ಪುಡಿಯನ್ನೂ ಪೊಟ್ಟಣ ಕಟ್ಟಿಕೊಂಡರು. “ಬಘೂಯಾ. ಪುಣ್ಯಾಲಾ ಪಾಠವತೋ,” ಎಂದರು. ನೋಡೋಣ, ಪುಣೆಗೆ ಕಳಿಸುತ್ತೇನೆ ಎಂದು. ಉಳಿದ ಕುರಿಗಳನ್ನು ಆ ಹೊಲದಿಂದ ಇವತ್ತೇ ಎಬ್ಬಿಸಬೇಕೆಂದೂ ಹೇಳಿದರು. ಬೀರಣ್ಣ ಸಂಜೆಯ ಹೊತ್ತಿಗೆ ಹಿಂಡನ್ನು ಹೊರಡಿಸಿದ. ಕುರುಡಾದವು ಬೇರೆಯವುಗಳ ಮೈಗೆ ಮೈ ತಾಗಿಸಿಕೊಂಡು ನಡೆದವು.

ಪುಣೆಯ ಉತ್ತರ ಬರುವವರೆಗೆ ಹಣಮಂತಪ್ಪ ಮನೆಯಲ್ಲೂ ನಿಲ್ಲಲಿಲ್ಲ, ಕಚೇರಿಯಲ್ಲೂ ನಿಲ್ಲಲಿಲ್ಲ. ಅಂಚೆಯವನು ಬರುವ ಮುಂಚೆಯೇ ಅಂಚೆ ಕಚೇರಿಗೆ ಹೋಗುತ್ತಿದ್ದ. ಕಡೆಗೆ ತುಕಾರಾಮ ಡಾಕ್ಟರೇ ಸೋಲಾಪುರಕ್ಕೆ ಬಂದರು. ಕುರಿಗಳು ಸತ್ತದ್ದು ಸೀಸದಿಂದ; ಪುಡಿಯಲ್ಲೂ ಸೀಸ ತುಂಬಿಕೊಂಡಿತ್ತು. “ಸಾವಿನ ಕಾರಣ ಬರೆಯುವುದು ನನ್ನ ಕೆಲಸ, ಬರೆದೆ. ಚೀಲ ನಿಲ್ಲಿಸುವುದು ನಿಮ್ಮ ಕೆಲಸ,” ಎಂದು ಹೇಳಿ ಹೋದರು.

ಹಣಮಂತಪ್ಪ ಕಾಗದ ಹಿಡಿದು ಮೇಲಧಿಕಾರಿಯ ಕೋಣೆಗೆ ನುಗ್ಗಿದ. ಸಾಹೇಬರು ಕೆಟ್ಟವರಲ್ಲ. ಓದಿ, ಕನ್ನಡಕ ತೆಗೆದಿಟ್ಟು, ಸಮಾಧಾನದ ಮರಾಠಿಯಲ್ಲಿ ಕೇಳಿದರು:

“ಪುಡಿಯಲ್ಲಿ ಸತುವು ಹೇಳಿದಷ್ಟು ಇತ್ತೋ ಇಲ್ಲವೋ?”

“ಇತ್ತು ಸಾಹೇಬ.”

“ಮತ್ತೆ ಯಾವ ಕಲಮಿನಲ್ಲಿ ಹಿಡಿಯುತ್ತೀಯ? ಈ ಪುಡಿಯಲ್ಲಿ ಸತುವು ಎಷ್ಟು, ತೇವ ಎಷ್ಟು ಎಂದು ನೋಡಲು ನಮಗೆ ಹೇಳಿದ್ದಾರೆ. ಸೀಸದ ಮಾತು ನಮ್ಮ ಪಟ್ಟಿಯಲ್ಲೇ ಇಲ್ಲ. ನೀನು ಹಿಡಿದರೆ ಅವನು ಕೋರ್ಟಿಗೆ ಹೋಗುತ್ತಾನೆ, ಬಿಡಿಸಿಕೊಂಡು ಬರುತ್ತಾನೆ. ಆಮೇಲೆ ನಾವು ಬಾಯಿ ಬಿಡುವ ಹಾಗೂ ಇರುವುದಿಲ್ಲ.”

“ಕುರಿ ಸತ್ತವಲ್ಲ ಸಾಹೇಬ!”

“ಸತ್ತವು. ಮೇಲಕ್ಕೆ ಬರೆಯುತ್ತೇನೆ. ಆದರೆ ಇವತ್ತು ನಿನ್ನ ಕೈಯಲ್ಲಿರುವುದು ಸತುವು, ತೂಕ, ಚೀಲದ ಮೇಲಿನ ಬರಹ. ಅಷ್ಟೇ.”

ಹೊರಗೆ ಬಂದ ಹಣಮಂತಪ್ಪ ಸೈಕಲ್ ಹತ್ತಿ ಹೋಟಗಿ ರಸ್ತೆಯ ಕಡೆ ಹೊರಟ. ಪುಡಿ ತಯಾರಾಗುವ ಶೆಡ್ಡು ಅಲ್ಲಿ, ಬಾಬಳಿ ಗಿಡಗಳ ಹಿಂದೆ ಇತ್ತು. ಅಂಗಳದಲ್ಲಿ ಒಡೆದ ಬ್ಯಾಟರಿಗಳ ಗುಡ್ಡೆ. ಪಕ್ಕದಲ್ಲಿ ಕಬ್ಬಿಣದ ಬಕೆಟ್ಟು, ತಗಡುಗಳಿಗೆ ಸತುವಿನ ಲೇಪ ಕೊಡುವ ಕಾರಖಾನೆಗಳಿಂದ ತಂದ ಬೂದಿ. ಎರಡನ್ನೂ ಒಂದೇ ಹೊಂಡದಲ್ಲಿ ಆಮ್ಲ ಹಾಕಿ ಕಲಸುತ್ತಿದ್ದರು. ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಣಗಿದ ಪುಡಿಯನ್ನು ಜರಡಿ ಹಿಡಿಯುತ್ತಿದ್ದರು. ಮಾಲೀಕ ನಗುತ್ತ ಬಂದು ಚಹಾ ತರಿಸಿದ.

“ಎಸೆಯೂ ಮಾಲಿನಿಂದ ರೈತರಿಗಿ ಉಪಕಾರ ಮಾಡಾಕತ್ತೀವಿ ಸಾಹೇಬರ,” ಎಂದ. “ಜಸ್ತ ಕಡಿಮಿ ಇದ್ರ ಹೇಳ್ರಿ, ಹೆಚ್ಚ ಮಾಡತೀನಿ.”

ಹಣಮಂತಪ್ಪ ಚಹಾ ಮುಟ್ಟದೆ ಬಂದ.

ಮರುದಿನ ಅಕ್ಕಲಕೋಟೆಯಲ್ಲಿ ಮಲಕಾಜಪ್ಪನ ಗೋದಾಮು ತೆಗೆಸಿ ಚೀಲಗಳನ್ನು ಒಂದೊಂದಾಗಿ ಮಗುಚಿ ನೋಡಿದ. ತಯಾರಕನ ಹೆಸರಿತ್ತು, ತೂಕವಿತ್ತು, ಸತುವಿನ ಪ್ರಮಾಣವಿತ್ತು. ತಯಾರಾದ ತಿಂಗಳು ಯಾವ ಚೀಲದ ಮೇಲೂ ಇರಲಿಲ್ಲ. ವಿಷಕ್ಕೆ ಕಲಮು ಇರಲಿಲ್ಲ, ಬರೆಯದೆ ಬಿಟ್ಟ ತಿಂಗಳಿಗೆ ಇತ್ತು. ಮಾರಾಟ ನಿಲ್ಲಿಸುವ ಹುಕುಂ ಬರೆದು ಬಾಗಿಲಿಗೆ ಮೊಹರು ಒತ್ತಿದ.

ಮಲಕಾಜಪ್ಪ ಊರಿನಲ್ಲಿ ಮಾನವಂತ ವ್ಯಾಪಾರಿ. ವಿಭೂತಿ ಹಚ್ಚಿದ ಅವನ ಹಣೆ ಕೆಂಪಾಯಿತು. “ನೀವೇ ಪಾಸ್ ಕೊಟ್ರಿ, ನೀವೇ ಬಾಗಲಾ ಹಾಕತೀರಿ? ಒಂದ ತಿಂಗಳ ಹೆಸರ ಬರದಿಲ್ಲಂತ ನನ್ನ ದುಕಾನದ ಅಬ್ರೂ ತೆಗಿತೀರೇನ್ರಿ?”

“ತಿಂಗಳ ಹೆಸರ ಸಲುವಾಗಿ ಅಲ್ಲರಿ ಸಾವುಕಾರ್ರ. ಇದ್ರಾಗ ಸೀಸ ಐತಿ. ಕುರಿ ಸತ್ತಾವ.”

“ಸತ್ತಾವ ಅಂತ ನೀವು ಅಂತೀರಿ. ನಾ ನೋಡೀನೇನು?”

“ನೋಡಬರ್ರಿ. ಈಗ ಬರ್ರಿ ನನ್ನ ಸಂಗಾಟ.”

ಮಲಕಾಜಪ್ಪ ಹಟದ ಮನುಷ್ಯ. ಹಟಕ್ಕೇ ತನ್ನ ಟೆಂಪೋ ಹತ್ತಿದ. ನಾಗಣಸೂರದಲ್ಲಿ ಬೇವಿನ ಗಿಡದ ಹತ್ತಿರ ಕುರಿಗಳನ್ನು ಹೂತ ಗುಂಡಿಗಳನ್ನು ನೋಡಿದ. ಮೂಗಿಗೆ ರುಮಾಲಿನ ಚುಂಗು ಹಿಡಿದು, “ಬ್ಯಾನಿ ಬಂದೂ ಸಾಯತಾವ,” ಎಂದ. ಅಲ್ಲಿಂದ ಅಣ್ಣಾರಾಯನ ಮನೆಗೆ ನಡೆದರು. ಅಂಗಳಕ್ಕೆ ಬಂದವನೇ ಹಣಮಂತಪ್ಪ ನಿಂತುಬಿಟ್ಟ.

ಅಣ್ಣಾರಾಯನ ಹೆಂಡತಿ ಗಂಗುಬಾಯಿ ಸಂಡಿಗೆ ಒಣ ಹಾಕಿದ್ದಳು. ಅಂಗಳದ ತುಂಬ ಬೆಳ್ಳಗಿನ ಸಂಡಿಗೆ. ಅವುಗಳ ಕೆಳಗೆ ಹಾಸಿದ್ದು ಗೊಬ್ಬರದ ಚೀಲದ ಒಳಗಿರುವ ಪ್ಲಾಸ್ಟಿಕ್ ಹಾಳೆ. ಆ ಕಾಲಕ್ಕೆ ಹಳ್ಳಿಯಲ್ಲಿ ಅದು ಸಿಗದ ವಸ್ತು, ಯಾರೂ ಎಸೆಯುತ್ತಿರಲಿಲ್ಲ.

“ಅವ್ವಾ, ಈ ಹಾಳಿ ಯಾವ ಚೀಲದ್ದು?”

“ಅದೇ ಜಸ್ತದ ಪುಡೀದು. ತೊಳದೇನಿ ತಗೋ,” ಎಂದಳು ಗಂಗುಬಾಯಿ. ಸಾವುಕಾರನನ್ನು ಕಂಡು ಸೆರಗು ಸರಿಪಡಿಸಿಕೊಂಡು ಹಿಗ್ಗಿದಳು. “ಬರ್ರಿ ಸಾವುಕಾರ್ರ. ಹೋದ ಐತವಾರ ಕಸ್ತೂರಬಾಯಾರಿಗಿ ಒಂದ ಡಬ್ಬಿ ಸಂಡಿಗಿ ಕೊಟ್ಟ ಕಳಸಿದ್ನಿ. ಮುಟ್ಟ್ಯಾವಿಲ್ಲೋ?”

ಕಸ್ತೂರಬಾಯಿ ಮಲಕಾಜಪ್ಪನ ಹೆಂಡತಿ. ಮಲಕಾಜಪ್ಪ ಹಾಳೆಯ ಅಂಚಿನ ಮಡಿಕೆಯನ್ನು ಬೆರಳಿನಿಂದ ಸವರಿ ನೋಡಿದ. ಬೆರಳಿಗೆ ಬೂದು ಹತ್ತಿತು. ಅದನ್ನು ಪಂಚೆಗೆ ಒರೆಸಿದ, ಮತ್ತೆ ಒರೆಸಿದ.

“ಮುಟ್ಟ್ಯಾವ,” ಎಂದ ಕಡೆಗೆ. “ಮೊಮ್ಮಗಳು ತಿಂದಾಳ.”

ಹಣಮಂತಪ್ಪ ಗಂಗುಬಾಯಿಗೆ ಎಲ್ಲವನ್ನೂ ಹೇಳಿದ. ಅವಳು ಮೊದಲು ನಂಬಲಿಲ್ಲ. ಆಮೇಲೆ ದಡಬಡ ಒಳಗೆ ಹೋಗಿ ತೊಟ್ಟಿಲ ಕೆಳಗೆ ಹಾಸಿದ್ದ ಹಾಳೆ, ಮೆಣಸಿನಕಾಯಿ ಗಡಿಗೆಗೆ ಕಟ್ಟಿದ್ದ ಹಾಳೆ, ಮಾಡಿನ ಸಂದಿಗೆ ತುರುಕಿದ್ದ ಹಾಳೆ ಎಲ್ಲವನ್ನೂ ಕಿತ್ತು ತಂದು ಅಂಗಳಕ್ಕೆ ಎಸೆದಳು. ಸಂಡಿಗೆಯನ್ನು ಎರಡೂ ಕೈಯಿಂದ ಬಳಿದಳು. ಕೋಳಿ ಹತ್ತಿರ ಬಂದರೆ ಚೀರಿ ಓಡಿಸಿದಳು. ಅಣ್ಣಾರಾಯ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಿದ್ದ. ಮುಂದಿನ ಬಿತ್ತನೆಗೆಂದು ತಂದ ಎರಡು ಚೀಲ ಅಲ್ಲಿದ್ದವು.

“ಅವು ಒಯ್ಯಬ್ಯಾಡ್ರಿ,” ಎಂದ. “ಬೆಳಿಗಿ ಬೇಕ ನನಗ. ಎಲಿ ಮತ್ತ ಬೆಳ್ಳಗಾದ್ರ ಸರಕಾರ ಬಂದು ಹಸರ ಮಾಡತೈತೇನು?”

ಅವನ ಮಾತು ಸುಳ್ಳಲ್ಲ ಎಂಬುದೇ ಹಣಮಂತಪ್ಪನನ್ನು ಕಾಡಿತು. “ಜಸ್ತ ಬೇಕ ಕಾಕಾ, ಬ್ಯಾಡ ಅನ್ನೂದಿಲ್ಲ. ಚೊಕ್ಕ ಜಸ್ತ ಬ್ಯಾರೆ ಕಡಿ ಸಿಗತೈತಿ, ನಾ ತಂದ ಕೊಡತೀನಿ. ಇದರಾಗಿನ ಸೀಸ ಒಮ್ಮಿ ಮಣ್ಣಿಗಿ ಬಿತ್ತಂದ್ರ ಮಳಿ ಬಂದ್ರೂ ಹೋಗೂದಿಲ್ಲ, ನೇಗಿಲಾ ಹೊಡದ್ರೂ ಹೋಗೂದಿಲ್ಲ.”

“ಹೋದ ವರ್ಷ ಹಾಕೀನಲ್ಲ, ಅದು?”

ಗಂಗುಬಾಯಿ ಗಂಡನನ್ನು ಬದಿಗೆ ಸರಿಸಿ ಒಂದು ಚೀಲದ ಕಿವಿ ಹಿಡಿದು ತಾನೇ ಎಳೆಯತೊಡಗಿದಳು. ಮಲಕಾಜಪ್ಪ ಇನ್ನೊಂದು ಕಿವಿ ಹಿಡಿದ. ಜೀವಮಾನದಲ್ಲಿ ಹಮಾಲರ ಕೆಲಸಕ್ಕೆ ಕೈ ಹಾಕದ ಮನುಷ್ಯ.

ಮನೆಗೆ ಹೋದವನೇ ಮಲಕಾಜಪ್ಪ ಮೊಮ್ಮಗಳನ್ನು ತುಕಾರಾಮ ಡಾಕ್ಟರು ಹೇಳಿದ ಸೋಲಾಪುರದ ಆಸ್ಪತ್ರೆಗೆ ಒಯ್ದ. ಮಗುವಿಗೆ ಏನೂ ಆಗಿರಲಿಲ್ಲ. ಆದರೂ ಆಮೇಲಿನ ವಾರಗಳಲ್ಲಿ ಅವನು ನೆಟ್ಟಗೆ ಗಲ್ಲೆಯ ಮೇಲೆ ಕೂಡಲಿಲ್ಲ. ಯಾರ್‍ಯಾರಿಗೆ ಮಾರಿದ್ದೆನೆಂದು ನೆನಪು ಮಾಡಿಕೊಳ್ಳುತ್ತ, ಹಣಮಂತಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು, ಟೆಂಪೋದಲ್ಲಿ ಊರೂರು ತಿರುಗಿದ. ಕೆಲವರು ಕೊಟ್ಟರು. ಕೆಲವರು, “ಸಾವುಕಾರನ ಹೊಸ ಆಟ,” ಎಂದು ನಕ್ಕರು. ಕೆಲವರು ಆಗಲೇ ಹೊಲಕ್ಕೆ ಎರಚಿ ಮುಗಿಸಿದ್ದರು. ಅಂಥವರ ಬಾಗಿಲಿನಿಂದ ಇಬ್ಬರೂ ಬರಿಗೈಯಲ್ಲಿ ಮರಳಿದರು.

ಕೂಡಿ ಬಿದ್ದ ಪುಡಿಯನ್ನು ಎಲ್ಲಿ ಹಾಕುವುದು? ಹಳ್ಳಕ್ಕೆ ಹಾಕಿದರೆ ನೀರು ಕೆಡುತ್ತದೆ, ಹೂತರೆ ಬಾವಿಗೆ ಇಳಿಯುತ್ತದೆ. ಶೆಡ್ಡಿಗೆ ಮರಳಿಸಿದರೆ ಹೊಸ ಚೀಲ ತುಂಬಿ ಮತ್ತೆ ಬರುತ್ತದೆ. ಕಡೆಗೆ ಮಲಕಾಜಪ್ಪ ಗೋದಾಮಿನ ಕಲ್ಲಿನ ಕೋಣೆಯೊಂದಕ್ಕೆ ಸಿಮೆಂಟಿನ ನೆಲ ಹಾಕಿಸಿ ಅದರಲ್ಲಿ ತುಂಬಿಸಿದ. ಶೆಡ್ಡಿನ ಮಾಲೀಕ, ಹೊಸ ಚೀಲಗಳಿಗೆ ತಿಂಗಳ ಹೆಸರು ಅಚ್ಚು ಹಾಕಿಸಿಕೊಂಡು, ಸರಕು ಬಿಡಿಸಿಕೊಳ್ಳಲು ಬಂದ.

“ಬಿಡಂಗಿಲ್ಲ,” ಎಂದ ಮಲಕಾಜಪ್ಪ. “ಕೋರ್ಟಿಗಿ ಹೋಗು. ಅಲ್ಲಿ ಸಂಡಿಗಿ ಕತಿ ನಾನೇ ಹೇಳತೀನಿ.”

ಅವನು ಕೋರ್ಟಿಗೆ ಹೋಗಲಿಲ್ಲ. ಆ ಮಳೆಗಾಲದಲ್ಲಿ ತುರ್ತು ಪರಿಸ್ಥಿತಿ ಬಂದಿತ್ತು. ಯಾರು ಯಾರ ಮೇಲೆ ಏನು ಬರೆದು ಹಾಕುತ್ತಾರೋ ಎಂದು ಎಲ್ಲರೂ ಹೆದರಿದ್ದರು. ಅವನು ಇನ್ನೊಂದು ದಾರಿ ಹಿಡಿದ. ನಾಗಣಸೂರದ ಬಸ್ ನಿಲ್ದಾಣದಲ್ಲಿ ಒಂದು ದಿನ ಹಣಮಂತಪ್ಪ ತಲೆ ಎತ್ತಿದರೆ, ಕರ್ನಾಟಕದ ಕಡೆ ಹೊರಟ ಬಸ್ಸಿನ ಮೇಲೆ ಅದೇ ಹಸಿರು ಚಿತ್ರದ ಚೀಲಗಳು. ಗಡಿ ಅಲ್ಲಿಂದ ಕೂಗಳತೆ. ಗಡಿಯ ಆಚೆ ಅವನ ಮೊಹರಿಗೆ ಬೆಲೆ ಇಲ್ಲ. ಅದು ಬೇರೆ ರಾಜ್ಯ, ಬೇರೆ ಇನ್ಸ್‌ಪೆಕ್ಟರು. ಬಸ್ಸು ಹೊರಟಿತು. ಹಣಮಂತಪ್ಪ ಓಡಿ ಹತ್ತಿದ.

ಆಚೆಯ ಊರಿನ ಅಂಗಡಿಯವನು ಅವನ ಮಾತು ಕೇಳಿ, “ನೀವು ಯಾರ್‍ರಿ ಇಲ್ಲಿ ಬಂದು ಹೇಳಾಕ?” ಎಂದ.

“ಯಾರೂ ಅಲ್ಲರಿ. ನಮ್ಮಣ್ಣನ ಕುರಿ ಸತ್ತಾವ, ಹೇಳಾಕ ಬಂದೀನಿ.”

ಆಮೇಲೆ ರಜೆ ಸಿಕ್ಕಾಗಲೆಲ್ಲ ಅವನು ಗಡಿ ದಾಟಿದ. ಒಮ್ಮೆ ಬೀರಣ್ಣನೂ ಜೊತೆಗೆ ಬಂದ. ಅಂಗಡಿಯ ಮುಂದೆ ಬದುಕುಳಿದ ಕುರುಡು ಟಗರನ್ನು ನಿಲ್ಲಿಸಿ ಪಕ್ಕದಲ್ಲಿ ಕುಳಿತ. ಜನ ಕೂಡಿದರು, ಅಂಗಡಿಯವನು ಚೀಲಗಳನ್ನು ಒಳಗೆ ಎಳೆದುಕೊಂಡ. ಮಾರುವುದನ್ನು ಬಿಟ್ಟನೋ, ಹಿತ್ತಲಿನಿಂದ ಮಾರಿದನೋ, ಅದು ತಿಳಿಯಲಿಲ್ಲ. ಶೆಡ್ಡಿನವನು ಮಾತ್ರ ದೂರು ಕೊಟ್ಟ. ಹದ್ದು ಮೀರಿದ್ದಕ್ಕೆ ಜವಾಬು ಕೊಡಬೇಕೆಂದು ಹಣಮಂತಪ್ಪನಿಗೆ ನೋಟೀಸು ಬಂತು. ಸಾಹೇಬರು ಅವನನ್ನು ಕರೆದು, “ರಜೆಯಲ್ಲಿ ನೆಂಟರ ಊರಿಗೆ ಹೋಗಿದ್ದೆ ಎಂದು ಬರೆ,” ಎಂದರು. “ಗಡಿಯಾಚೆ ನಿನ್ನ ನೆಂಟರಿದ್ದಾರೆ, ಸುಳ್ಳೂ ಅಲ್ಲವಲ್ಲ.” ಆ ಸಾಹೇಬರು ಮೇಲಕ್ಕೆ ಬರೆಯುತ್ತೇನೆ ಎಂದ ಮಾತನ್ನೂ ಮರೆತಿರಲಿಲ್ಲ. ವರ್ಷ ದಾಟಿದ ಮೇಲೆ ಅವರ ಕಚೇರಿಗೆ ಸೂಚನೆ ಬಂತು: ಇಂಥ ಪುಡಿಗಳ ನಮೂನೆಯಲ್ಲಿ ಸೀಸವನ್ನೂ ನೋಡಿಸಬೇಕು. ಹಣಮಂತಪ್ಪ ನಮೂನೆ ತೆಗೆಯಲು ಅದೇ ದಿನ ಹೋದ. ಶೆಡ್ಡಿಗೆ ಬೀಗ ಬಿದ್ದಿತ್ತು. ಮಾಲೀಕ ಬೇರೆ ಜಿಲ್ಲೆಯಲ್ಲಿ ಬೇರೆ ಹೆಸರಿನಿಂದ ಶುರು ಮಾಡಿದ್ದಾನೆ ಎಂದರು ನೆರೆಯವರು. ಜರಡಿ ಹಿಡಿಯುತ್ತಿದ್ದ ಹೆಂಗಸರು ಎಲ್ಲಿ ಹೋದರೆಂದು ಕೇಳಿದ. ಯಾರಿಗೂ ಗೊತ್ತಿರಲಿಲ್ಲ.

ಎಪ್ಪತ್ತೇಳರ ಸುಗ್ಗಿ ಮುಗಿದಾಗ ಅಣ್ಣಾರಾಯ ತಾನಾಗಿ ಬೀರಣ್ಣನ ಹಿಂಡು ಹುಡುಕಿಕೊಂಡು ಹೋದ. ಎರಡು ವರ್ಷ ಕುರಿ ಬೀಳದ ಹೊಲ ಬಡವಾಗಿದೆ, ಬಾ ಎಂದು ಕೈ ಹಿಡಿದ. ಬೀರಣ್ಣ ತಮ್ಮನಿಗೆ ಹೇಳಿ ಕಳಿಸಿದ: ತರುಬಲೋ ಬೇಡವೋ, ಒಂದು ಮಾತು ಹೇಳು.

ಹಣಮಂತಪ್ಪ ಅದಕ್ಕೆ ಮುಂಚೆಯೇ ಆ ಹೊಲದ ಮಣ್ಣನ್ನು ಪುಣೆಗೆ ಕಳಿಸಿದ್ದ. ಚೀಲ ಹರಿದಿದ್ದ ಪಡುವಣ ಬದುವಿನಲ್ಲಿ ಸೀಸ ಹಾಗೇ ಇತ್ತು. ಉಳಿದ ಹೊಲದಲ್ಲಿ ಸ್ವಲ್ಪ. ಸ್ವಲ್ಪ ಎಂದರೆ ಎಷ್ಟಕ್ಕೆ ಭಯವಿಲ್ಲ ಎಂದು ಅವನು ಕೇಳಿದ್ದ. ಅವನಿಗೆ ಬಂದ ಉತ್ತರದಲ್ಲಿ ಅದಿರಲಿಲ್ಲ. ಬದುವಿನ ಮಣ್ಣನ್ನು ಅಣ್ಣಾರಾಯ, ಬೀರಣ್ಣ, ಹಣಮಂತಪ್ಪ ಮೂವರೂ ಮೊಣಕಾಲುದ್ದ ಅಗೆದು ಟೆಂಪೋಕ್ಕೆ ತುಂಬಿದರು. ಮಲಕಾಜಪ್ಪನ ಕಲ್ಲಿನ ಕೋಣೆ ಅದನ್ನೂ ನುಂಗಿತು. ಹೊಲದ ಮೂಡಣ ಮೂಲೆಯಲ್ಲಿ ಮುಳ್ಳುಬೇಲಿ ಕಟ್ಟಿ ಹಿಂಡು ತರುಬಿದರು.

“ಕಾಕಾ, ಬೇಲಿ ದಾಟಿಸಬ್ಯಾಡ್ರಿ,” ಎಂದ ಹಣಮಂತಪ್ಪ.

“ಎಷ್ಟ ವರ್ಷ ತನಕ?”

“ಗೊತ್ತಿಲ್ರಿ.”

ಅಣ್ಣಾರಾಯ ತಲೆ ಅಲ್ಲಾಡಿಸಿ ಮನೆಗೆ ಹೋದ. ಬೀರಣ್ಣ ಕಂಬಳಿ ಹಾಸಿ ತಮ್ಮನ ಮುಖ ನೋಡಿದ. “ನೀ ಊರಿಗಿ ಹೋಗು ಹಣಮಾ. ರೇವಮ್ಮ ಹಾದಿ ನೋಡತಿರತಾಳ. ನಾ ಅದೀನಿ ಇಲ್ಲಿ.”

“ಹೋಗತೀನಿ ಅಣ್ಣಾ,” ಎಂದು ಹಣಮಂತಪ್ಪ ಬಸ್ಸಿನ ದಾರಿ ಹಿಡಿದ. ಹಳ್ಳದವರೆಗೆ ಹೋಗಿ ನಿಂತ. ಮುಳ್ಳಿನ ಬೇಲಿಯಲ್ಲಿ ಒಂದು ಕಡೆ ಸಂದಿ ಉಳಿದಿತ್ತೇ ಎಂಬ ಅನುಮಾನ ಬಂತು. ಮರಿಗಳು ನುಸುಳಲು ಅಷ್ಟು ಸಾಕು. ಬಿಸಿಲು ಇನ್ನೂ ಇತ್ತು. ಅವನು ತಿರುಗಿ ಹೊಲದ ಕಡೆ ನಡೆದ.